ಸಿಸ್ಟರ್ ತಡೆದ ಆ ಒಂದು ದಿನ

ಅಣ್ಣನ ಚೀಲ ಹೆಗಲಿಗೆ ಹಾಕಿಕೊಂಡು ಅವನ ಜೊತೆ ವಾರ್ಡಿನ ಬಾಗಿಲಿಗೆ ಬಂದೆ. ಸಿಸ್ಟರ್ ಅಡ್ಡ ನಿಂತರು. ಔರಾದ ಕಡೆಯವರು, ಮೆತ್ತಗೆ ಮಾತಾಡುವವರು. ಆದರೆ ಜರುಗಲಿಲ್ಲ.

ಬೀದರಿನ ಆಸ್ಪತ್ರೆಯ ಮಾನಸಿಕ ರೋಗಿಗಳ ವಾರ್ಡು ಅದು. ಅಣ್ಣ ಬಾವಿಗಳ ಹೂಳು ತೆಗೆಯುವವನು. ಬರ ಬಿದ್ದ ಆ ವರ್ಷ ಎಷ್ಟು ಬಾವಿ ಇಳಿದರೂ ನೀರು ಸಿಗದೆ ಅವನ ನಿದ್ದೆ ಹೋಗಿತ್ತು. ತಾನೇ ಬಂದು ಸೇರಿದ್ದ. ಈಗ ಊಟ ಮಾಡುತ್ತಿದ್ದ, ನಗುತ್ತಿದ್ದ. ಹೈದರಾಬಾದಿಗೆ ಹೋಗುವ ಕೂಲಿಯವರ ಜೀಪು ನಮ್ಮಿಬ್ಬರಿಗಾಗಿ ಗಾಂಧಿ ಗಂಜ್ ಪೇಟೆಯಲ್ಲಿ ಕಾಯುತ್ತಿತ್ತು. ತಾನೇ ಬಂದವನು ತಾನೇ ಹೋಗಬಹುದು ಎಂದು ವಾದಿಸಿದೆ.

ಮೊದಲು ಎಲ್ಲಿಗೆ ಹೋಗುತ್ತೀರಿ ಎಂದು ಸಿಸ್ಟರ್ ಅಣ್ಣನನ್ನು ಕೇಳಿದರು.

"ಮನಿ ಬಾವಿಗಿ. ನೀರ ಬಂದಾವ್ರಿ. ಇಳೀಬೇಕು ನಾ."

ಸಿಸ್ಟರ್ ಮುಖ ಬಿಗಿಯಾಯಿತು. ನನಗೆ ಸಿಟ್ಟು ಬಂತು. "ನೀವೇನ್ ಪೊಲೀಸರೇನ್ರಿ?" ಅಂದೆ.

"ಅಲ್ಲ ತಮ್ಮಾ. ಖರೆ ಒಂದ ದಿನ ತಡಿಲಿಕ್ಕ ನನಗ ಕಾಯ್ದೆ ಅದ. ನಾಳಿಗಿ ಡಾಕ್ಟರ್ ನೋಡ್ತಾರ, ಅಲ್ಲಿತನಕ ಬಿಡಲ್ಲ."

ತಡೆದ ಕಾರಣವನ್ನು ಕಾಗದದಲ್ಲಿ ಬರೆದರು. ಅಣ್ಣನನ್ನು ತಮ್ಮ ಮೇಜಿನ ಪಕ್ಕದ ಮಂಚಕ್ಕೆ ಕರೆತಂದು ಕೂರಿಸಿದರು. ಜೀಪು ಹೋಯಿತು.

ದೆವ್ವ, ಶಕುನ, ಕನಸು ಇವನ್ನು ನಾನು ನಂಬಿದವನಲ್ಲ. ನಮ್ಮೂರು ಮೆಹಕರದ ಮನೆ ಬಾವಿ ಒಣಗಿ ಎರಡು ವರ್ಷ. ನಾಲ್ಕು ದಿನದ ಹಿಂದಷ್ಟೇ ಅದರ ತಳದಲ್ಲಿ ನಾನೇ ನಿಂತು ಬಂದಿದ್ದೆ. ಅಣ್ಣನಿಗೆ ಇನ್ನಷ್ಟು ಬಟ್ಟೆ ತರಲು ಅಂದೇ ಭಾಲ್ಕಿ ಬಸ್ಸು ಹಿಡಿದು ಊರಿಗೆ ಹೋದೆ. ಇನ್ನೂ ಬಿಸಿಲಿತ್ತು. ಸುಮ್ಮನೆ ಬಾವಿಗೆ ಬಗ್ಗಿ ನೋಡಿದೆ.

ಮೇಲಿನಿಂದ ಮೂರನೇ ಮೆಟ್ಟಿಲವರೆಗೆ ನೀರಿತ್ತು. ಕಪ್ಪಗೆ, ಅಲುಗಾಡದೆ ನಿಂತಿತ್ತು. ಕೈ ಅದ್ದಿದೆ, ಚಳಿ ಹತ್ತಿತು. ಉದ್ದನೆಯ ಬಿದಿರು ಇಳಿಬಿಟ್ಟೆ, ತಳ ಸಿಗಲಿಲ್ಲ. ಮಳೆ ಬಿದ್ದಿರಲಿಲ್ಲ. ಯಾರನ್ನಾದರೂ ಕರೆದು ತೋರಿಸೋಣವೆಂದರೆ ಕೇರಿಯ ಮನೆಗಳಿಗೆಲ್ಲ ಬೀಗ. ಎಲ್ಲರೂ ದುಡಿಯಲು ಹೋಗಿದ್ದರು.

ಮರುದಿನ ಬೆಳಿಗ್ಗೆ ವಾರ್ಡಿಗೆ ಬಂದೆ. ಡಾಕ್ಟರ್ ಇನ್ನೂ ಬಂದಿರಲಿಲ್ಲ. ಅಣ್ಣ ನನ್ನನ್ನೇ ಕಾಯುತ್ತಿದ್ದ.

"ನೋಡ್ದೇನೋ? ನೀರ ಅವಲ್ಲ?"

ಹೌದು ಅಂದಿದ್ದರೆ ಓಡಿಹೋಗಿ ಇಳಿಯುತ್ತಿದ್ದ. ಅವನಿಗೆ ಈಜು ಬಾರದು. ಬದುಕೆಲ್ಲ ಒಣ ಬಾವಿಯಲ್ಲೇ ಕೆಲಸ ಮಾಡಿದವನು.

"ಇಲ್ಲಣ್ಣಾ. ಒಣಗೇ ಅದ," ಅಂದೆ.

ಅವನು ಚಪ್ಪಲಿ ಬಿಚ್ಚಿ ಮಂಚದ ಕೆಳಗೆ ತಳ್ಳಿದ. "ಹಂಗಾದ್ರ ನನ್ನ ತಲಿನೇ ಕೆಟ್ಟದ," ಅಂದ. ಡಾಕ್ಟರ್ ಬಂದಾಗ ಇಲ್ಲೇ ಇರುತ್ತೇನೆಂದು ತಾನೇ ಸಹಿ ಹಾಕಿದ. ಎರಡು ತಿಂಗಳಲ್ಲಿ ಗುಣವಾಗಿ ಬಂದ.

ಆ ಸುಳ್ಳು ಹೇಳಿದ ಮುಂದಿನ ವಾರವೇ ನಾನು ಊರಿಗೆ ಹೋದಾಗ ಬಾವಿಯ ತಳ ಬಿರುಕು ಬಿಟ್ಟಿತ್ತು. ಒದ್ದೆಯ ಗುರುತೂ ಇರಲಿಲ್ಲ. ಅಣ್ಣ ಈಗಲೂ ದಿನಾ ಗುಳಿಗೆ ನುಂಗುತ್ತಾನೆ. ಅಂದು ನೀರು ಬಂದಿತ್ತೆಂದು ಅವನಿಗೆ ಹೇಳಿಲ್ಲ. ನನಗೆ ಗೊತ್ತಿರುವುದು ಇಷ್ಟೇ, ಇನ್ನು ಹೇಳುವುದೇನೂ ಇಲ್ಲ.