ತಮ್ಮನಿಗೆಂದು ಉಳಿಸಿದ ನರ

ಪ್ರಫುಲ್ಲಾಳ ಅಜ್ಜಿ ದುಗ್ಗು ಪೂಜಾರ್ತಿ ಕಾಪುವಿನ ಕಡಲ ದಡದಿಂದ ಒಣಮೀನಿನ ಬುಟ್ಟಿ ಹೊತ್ತು, ಶಿರ್ವ, ಬೆಳ್ಮಣ್ಣು ದಾಟಿ ಕಾರ್ಕಳದ ಸಂತೆಗೆ ನಡೆದೇ ಬರುತ್ತಿದ್ದವಳು. ದಾರಿಯಲ್ಲಿ ಅವಳು ಬುಟ್ಟಿ ಇಳಿಸಿದ್ದನ್ನು ಕಂಡವರಿಲ್ಲ. ತಾಯಿ ಅಪ್ಪಿ ಏಳು ತಿಂಗಳ ಬಸುರಿಯಾಗಿದ್ದಾಗಲೂ ಮೊಣಕಾಲು ಮುಳುಗುವ ಕೆಸರಿನಲ್ಲಿ ನಿಂತು ಆರು ಮುಡಿ ಬೀಜ ಹಿಡಿಯುವ ಗದ್ದೆಗೆ ನೇಜಿ, ಭತ್ತದ ಸಸಿ, ನೆಟ್ಟವಳು. ಆ ಬಸುರಿನಲ್ಲಿ ಹುಟ್ಟಿದವನೇ ಕರುಣಾಕರ. ಅವನಿಗೆ ಮೂರು ವರ್ಷವಾದಾಗ ಅಪ್ಪಿ ಜ್ವರದಲ್ಲಿ ತೀರಿಕೊಂಡಳು. ಹದಿನೈದರ ಪ್ರಫುಲ್ಲಾ ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡೇ ಕಾರ್ಕಳದ ಗೇರುಬೀಜದ ಕಾರ್ಖಾನೆಯ ಬಾಗಿಲಿಗೆ ಬಂದಳು.

ಅಲ್ಲಿ ಬೀಜ ಒಡೆಯುವ ಮೆಷಿನಿನ ಮುಂದೆ ನಿಂತೇ ಕೆಲಸ. ಬಲಗಾಲು ಪೆಡಲ್ ತುಳಿಯುತ್ತದೆ, ಎಡಗಾಲು ಮೈಯ ಭಾರವನ್ನೆಲ್ಲ ಹೊರುತ್ತದೆ. ಹೀಗೆ ನಿಂತು ಮೂವತ್ತು ವರ್ಷ ದುಡಿಯುವಷ್ಟರಲ್ಲಿ ಆ ಎಡಗಾಲಿನ ನರಗಳು ಹಲಸಿನ ಬೇರಿನಂತೆ ಎದ್ದು ಸುತ್ತಿಕೊಂಡವು. ಪಾದದ ಗಂಟಿನ ಬಳಿ ಜೇಡ ನೇಯ್ದಂಥ ನೀಲಿ ಎಳೆಗಳು.

ತೊಂಬತ್ತೆಂಟರಲ್ಲಿ ನೆರೆಮನೆಯ ನಾನೇ ಅವಳನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರೂ ಡಾಕ್ಟರ ಚೀಟಿ ಓದುವುದನ್ನು ಯಾರ ಹಂಗಿಲ್ಲದೆ ಕಲಿತವ ನಾನು. ಡಾಕ್ಟರು ಬಿಡಿಸಿ ಹೇಳಿದರು: ಸಣ್ಣ ಎಳೆಗಳನ್ನು ಸೂಜಿಮದ್ದಿನಿಂದ ಮುಚ್ಚಬಹುದು, ದೊಡ್ಡ ನರವನ್ನು ತೊಡೆಸಂದಿಯಲ್ಲಿ ಕಟ್ಟಿ ಎಳೆದು ತೆಗೆಯಬೇಕು. ಅಲ್ಲಿಯವರೆಗೆ ದಿನವೂ ಬಿಗಿ ಕಾಲುಚೀಲ.

"ತೆಗೆದದ್ದನ್ನು ಎಂತ ಮಾಡ್ತೀರಿ?" ಎಂದಳು ಪ್ರಫುಲ್ಲಾ.

"ಬಿಸಾಡುವುದು. ಮತ್ತೆಂತ, ಉಪ್ಪಿನಕಾಯಿ ಹಾಕ್ಲಿಕ್ಕೆ ಉಂಟಾ?"

ಅವಳು ನಗಲಿಲ್ಲ. "ಹಾಗಾದರೆ ಈಗ ಬೇಡ" ಎಂದು ಎದ್ದುಬಿಟ್ಟಳು.

ಪಡುಬಿದ್ರಿಯಲ್ಲಿ ರಿಕ್ಷಾ ಓಡಿಸುತ್ತಿದ್ದ ಕರುಣಾಕರನಿಗೆ ಆ ವರ್ಷವೇ ಎದೆನೋವು ಬಂದಿತ್ತು. ಕಾಲಿನ ನರ ತೆಗೆದು ಹೃದಯಕ್ಕೆ ಜೋಡಿಸುತ್ತಾರೆಂದು ಮೆಷಿನಿನ ಜೊತೆಗಾರ್ತಿ ವೆರೊನಿಕಾ ಅವಳಿಗೆ ಹೇಳಿದ್ದಳು.

"ಚಂದಣ್ಣ, ನಾಳೆ ತಮ್ಮನಿಗೆ ಬೇಕಾದರೆ?" ಎಂದಳು ಬಸ್ಸಿನಲ್ಲಿ. "ಇದೊಂದು ಉದ್ದದ್ದು ಉಂಟಲ್ಲ, ಇರಲಿ."

ಎಲ್ಲ ಬಲ್ಲವನಂತೆ ನಾನು "ಅದೂ ಸರಿಯೇ" ಎಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕಾಲುಚೀಲವನ್ನು ಅವಳು ಭಾನುವಾರ ಮಾತ್ರ ಹಾಕಿದಳು. ಕಾರ್ಖಾನೆಯಲ್ಲಿ ಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಹಾಳಾಗುತ್ತದಲ್ಲ. ಎರಡು ಮಳೆಗಾಲ ಕಳೆಯುವಾಗ ಪಾದದ ಗಂಟಿನ ಮೇಲೆ ಹುಣ್ಣಾಯಿತು. "ಏ ಕೊಕ್ಕರೆ, ಎರಡು ಕಾಲಲ್ಲಿ ನಿಲ್ಲು ಮಾರಾಯ್ತಿ" ಎಂದು ವೆರೊನಿಕಾ ಗೇಲಿ ಮಾಡುತ್ತಿದ್ದಳು. ಮತ್ತೆ ತಾನೇ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ಕರುಣಾಕರನಿಗೆ ಆಪರೇಷನ್ ಆಗಲೇಬೇಕು ಎಂದರು. ಪ್ರಫುಲ್ಲಾ ಹೃದಯದ ಡಾಕ್ಟರ ಮುಂದೆ ನಿಂತು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು.

"ಇದನ್ನು ತೆಗೆಯಿರಿ. ಆರು ವರ್ಷದಿಂದ ಇವನಿಗೆಂದೇ ಇಟ್ಟದ್ದು."

ಡಾಕ್ಟರು ಬಗ್ಗಿ ಅವಳ ಕಾಲು ನೋಡಿದರು. "ಅಮ್ಮಾ, ಅವರ ಕಾಲಿನದ್ದನ್ನೇ ತೆಗೆಯುವುದು. ಬೇರೆಯವರದ್ದು ಆಗುವುದಿಲ್ಲ. ಇಷ್ಟು ಉಬ್ಬಿದ್ದು ಅವರದ್ದೇ ಆಗಿದ್ದರೂ ಆಗ್ತಿರಲಿಲ್ಲ."

ಅವಳು ಸೀರೆ ಇಳಿಸಿ, ನೆರಿಗೆ ಸರಿಮಾಡಿಕೊಂಡಳು. ವಾಪಸು ಬರುವಾಗ ಕರುಣಾಕರನೇ ಅವಳನ್ನು ನಗಿಸಲು ನೋಡಿದ. "ಅಕ್ಕಾ, ನಿನ್ನದು ಹಾಕಿದ್ದರೆ ನನ್ನ ಹೃದಯ ಬೆಳಿಗ್ಗೆ ಎದ್ದು ಕಾರ್ಖಾನೆಗೆ ಓಡುತ್ತಿತ್ತು, ಅಲ್ವಾ?"

ಆಪರೇಷನ್ನಿಗೆ ಒಂಬತ್ತು ದಿನ ಇರುವಾಗ, ರಿಕ್ಷಾ ನಿಲ್ಲಿಸಿ ಚಾ ಕುಡಿಯುತ್ತಿದ್ದಲ್ಲೇ ಅವನು ಹೋದ.

ಮತ್ತೆರಡು ವರ್ಷಕ್ಕೆ ಲೇಸರಿನ ಸುದ್ದಿ ಕೇಳಿ ನಾನು ಅವಳ ಮನೆಗೆ ಹೋದೆ. ಮೆಟ್ಟಿಲ ಮೇಲೆ ಕೂತು ಹುಣ್ಣು ತೊಳೆಯುತ್ತಿದ್ದಳು. ಈಗ ಎಳೆದು ತೆಗೆಯುವುದಿಲ್ಲ, ಒಳಗೇ ಸುಟ್ಟು ಮುಚ್ಚುತ್ತಾರೆ, ಬೇಗ ನಡೆಯಬಹುದು, ನಾನೇ ಜೊತೆಗೆ ಬರುತ್ತೇನೆ ಎಂದೆ. ಅವಳು ಚೊಂಬಿನಲ್ಲಿ ಉಳಿದ ನೀರನ್ನು ಹುಣ್ಣಿನ ಮೇಲೆ ಸುರಿದುಕೊಂಡಳು.

"ಬೇಡ ಚಂದಣ್ಣ. ಅವನಿಗೆಂದು ಇಟ್ಟುಕೊಂಡಾಗ ಇದರ ನೋವೇ ಗೊತ್ತಾಗಲಿಲ್ಲ. ಈಗ ನನಗೆಂದು ಗುಣ ಮಾಡಿಸಿಕೊಳ್ಳಲಿಕ್ಕೆ ಮನಸ್ಸು ಬರುವುದಿಲ್ಲ. ಅವನದ್ದು ಅಂತ ನನ್ನ ಹತ್ತಿರ ಉಳಿದದ್ದು ಇದೊಂದೇ. ನೀವು ಹೋಗಿ."