ಆಡಿನ ಹಾಲಿನ ಡಬ್ಬಿ

ಆ ಸುಳ್ಳನ್ನು ಯಾಕೆ ಹೇಳಿದೆನೋ ಇವತ್ತಿಗೂ ನನಗೆ ತಿಳಿದಿಲ್ಲ.

ಗಂಡನಿಗೆ ರೈಲ್ವೆಯಲ್ಲಿ ನಾಗಪುರಕ್ಕೆ ವರ್ಗವಾಗಿ, ಪಕ್ಕದ ಕಾಮಠಿಯಲ್ಲಿ ಮನೆ ಮಾಡಿದ್ದೆವು. ನಾನು ಬೆಳಗಾವಿಯವಳು, ಮರಾಠಿ ಬರುತ್ತಿತ್ತು, ದನದ ದವಾಖಾನೆಯ ಕೆಲಸ ಕಲಿತಿದ್ದೆ. ಮೌದಾ ಕಡೆಯ ಹಳ್ಳಿಗಳಲ್ಲಿ ಸಂಸ್ಥೆಯೊಂದು ಸಣ್ಣ ರೈತರ ಮನೆಗಳಿಗೆ ಮಿಶ್ರತಳಿಯ ಹಾಲಿನ ಆಡು ಹಂಚುತ್ತಿತ್ತು, ಅಲ್ಲಿ ಸೇರಿಕೊಂಡೆ. ಊರ ಆಡಿಗೆ ಬಿಳೀ ವಿದೇಶಿ ಹೋತ ಕೂಡಿಸಿ ಹುಟ್ಟಿಸಿದ ಆಡುಗಳವು. ಷರತ್ತು ಒಂದೇ. ಮೊದಲ ಹೆಣ್ಣುಮರಿಯನ್ನು ಬೆಳೆಸಿ ಇನ್ನೊಂದು ಮನೆಗೆ ಕೊಡಬೇಕು, ಕೊಟ್ಟ ದಿನ ತಾಯಿ ಆಡು ಪೂರ್ತಿ ಅವರದು. ಅಲ್ಲಿಯತನಕ ಅದು ಸಂಸ್ಥೆಯದು.

ಒಂದು ಸಭೆಯಲ್ಲಿ ಆಡಿನ ಹಾಲನ್ನು ಬಾಯಿತುಂಬ ಹೊಗಳುತ್ತಿದ್ದೆ. ಒಂದೆಕರೆ ಭತ್ತದ ಗದ್ದೆಯಿದ್ದ, ಗಬ್ಬದ ಆಡು ಪಡೆದಿದ್ದ ಹಿರಿಯ ಹೆಂಗಸೊಬ್ಬಳು ಕೈ ಎತ್ತಿದಳು. ಎಲ್ಲರೂ ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು; ನನ್ನನ್ನು ಬಾಯಿ, ನಮ್ಮಲ್ಲಿ ಅಮ್ಮಾವ್ರು ಅಂದ ಹಾಗೆ. ಆಕೆ ಆಡಿದ್ದು ಮರಾಠಿ, ನನ್ನ ನೆನಪಿನಲ್ಲಿ ಮಾತ್ರ ಅದು ನಮ್ಮ ಕಡೆಯ ಕನ್ನಡವಾಗಿಯೇ ಉಳಿದಿದೆ.

"ಬಾಯಿ, ನೀವು ಮನ್ಯಾಗ ಇದನ್ನ ಕುಡೀತೀರೇನು?"

"ಹೂಂ ಮತ್ತ! ನನ್ನ ಮಗಳು ಬೆಳದದ್ದ ಇದರ ಮ್ಯಾಲೆ. ಬ್ಯಾರೆ ಹಾಲು ಆಕಿ ಹೊಟ್ಟಿಗೆ ಒಗ್ಗೂದಿಲ್ಲ. ಕಾಮಠಿಯಾಗ ಇದು ಸಿಗೂದಿಲ್ಲ, ಏನ್ ಮಾಡೂದ್ರಿ."

ನನ್ನ ಮಗಳು ದಿನಕ್ಕೆ ಎರಡು ಲೋಟ ಪ್ಯಾಕೆಟ್ ಹಾಲಿಗೆ ಚಾಕೊಲೇಟ್ ಪುಡಿ ಹಾಕಿಕೊಂಡು ಕುಡಿಯುತ್ತಿದ್ದಳು. ನಾನಂತೂ ಆಡಿನ ಹಾಲನ್ನು ನಾಲಿಗೆಗೆ ಮುಟ್ಟಿಸಿದವಳಲ್ಲ. ಬರೀ "ಹೂಂ" ಅಂದಿದ್ದರೆ ಮುಗಿಯುತ್ತಿತ್ತು. ಮಗಳ ಹೊಟ್ಟೆ ಎಲ್ಲಿಂದ ಬಂತೋ!

ಮಾವಶಿಯ ಆಡು ಈದು ಹತ್ತು ದಿನವಾಗಿತ್ತು. ಒಂದು ಬೆಳಿಗ್ಗೆ ಆ ಕಡೆಯಿಂದ ಬೈಕಿನಲ್ಲಿ ಬರುವ ಹಾಲಿನವ ಸಣ್ಣ ಸ್ಟೀಲ್ ಡಬ್ಬಿಯೊಂದನ್ನು ನನ್ನ ಕೈಗಿಟ್ಟ. "ಮಾವಶಿ ಕಳಿಸ್ಯಾಳ, ನಿಮ್ಮ ಮಗಳಿಗಂತ."

ಮಗಳು ಮೂಗು ಮುಚ್ಚಿಕೊಂಡಳು. "ಏ, ಇದನ್ನ ಚಹಾದಾಗ ಹಾಕಬ್ಯಾಡ ಮತ್ತ," ಅಂದರು ಗಂಡ. ಬಚ್ಚಲಿಗೆ ಸುರಿದೆ. ಆದರೆ ಖಾಲಿ ಪಾತ್ರೆ ತಿರುಗಿ ಕಳಿಸುವ ರೂಢಿ ನಮ್ಮಲ್ಲಿಲ್ಲ, ಶೇಂಗಾ ಚಟ್ನಿ ತುಂಬಿ ಕಳಿಸಿದೆ. ಮರುದಿನ ಡಬ್ಬಿಯಲ್ಲಿ ಮತ್ತೆ ಹಾಲು. ಅವರಲ್ಲೂ ಅದೇ ರೂಢಿ ಇರಬೇಕು. ನಾನು ಚುರುಮುರಿ ಕಳಿಸಿದೆ, ಹಾಲು ಬಂತು. ಅವಲಕ್ಕಿ ಕಳಿಸಿದೆ, ಹಾಲು ಬಂತು. ಬೇಡ ಅಂತ ಹೇಳಿ ಕಳಿಸುವ ಮಾತು ದಿನಾ ಬಾಯಿಗೆ ಬರುತ್ತಿತ್ತು, ದಿನಾ ನುಂಗಿಕೊಳ್ಳುತ್ತಿದ್ದೆ. ಹೊಸದಾಗಿ ಈದ ಆಡು ಇಷ್ಟು ಹಾಲು ಎಲ್ಲಿಂದ ಕೊಡುತ್ತದೆ ಅಂತ ಕೇಳಬೇಕಾದವಳು ನಾನೇ. ಕೇಳುವುದು ಬಿಟ್ಟು, ನಮ್ಮ ತಳಿಯೆಂದರೆ ಸುಮ್ಮನೆ ಅಲ್ಲ ಅಂತ ಒಳಗೊಳಗೇ ಬೀಗುತ್ತಿದ್ದೆ.

ಮರಿಗಳನ್ನು ತೂಗಲು ಹೋದಾಗ ಮಾವಶಿಯ ಕೊಟ್ಟಿಗೆಯಲ್ಲಿ ಎರಡು ಮರಿ ಕಂಡವು. ಗಂಡುಮರಿ ಜಿಗಿಯುತ್ತಿತ್ತು. ಹೆಣ್ಣುಮರಿ ಗೋಣಿಚೀಲದ ಮೇಲೆ ಬಿದ್ದುಕೊಂಡಿತ್ತು, ಎತ್ತಿದರೆ ಕೈಯಲ್ಲಿ ತೂಕವೇ ಇಲ್ಲ.

"ಒಂದು ಮೊಲಿ ಇಬ್ಬರಿಗೂ ಬಿಟ್ಟೀನಿ," ಅಂದಳು ಮಾವಶಿ. "ಗಂಡು ಇದನ್ನ ಹತ್ರ ಬರಗೊಡೂದಿಲ್ಲ. ಇನ್ನೊಂದು ಮೊಲೀದು ನಿಮ್ಮ ಕೂಸಿಗೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕಿತ್ತೋ ಅವರನ್ನು ಬಿಟ್ಟು ಆಕೆಯ ಮೇಲೆ ಬಂತು. "ಅವಳಿ ಮರಿ ಇದ್ರ ಒಂದು ತಿಂಗಳು ಹಿಂಡಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು?" ಅಂತ ಕೂಗಾಡಿದೆ.

"ಮರಿ ನಾಳೆ ಹುಲ್ಲು ಕಡೀತೈತಿ ಬಾಯಿ. ಕೂಸಿಗೆ ಹುಲ್ಲು ಹಾಕಾಕ ಬರ್ತೈತೇನು?"

ನಿಜ ಹೇಳಲು ಅದೇ ಹೊತ್ತು. ಹೇಳಿದರೆ ಆಕೆಗೆ ಸಮಾಧಾನವೋ, ಇನ್ನಷ್ಟು ಸಂಕಟವೋ? ಮರಿಯ ಹಾಲು ಬಚ್ಚಲಿಗೆ ಹೋಯಿತು ಅಂತ ಹೇಗೆ ಹೇಳುವುದು? "ಈಗ ಆಕಿಗೆ ಬ್ಯಾರೆ ಹಾಲೂ ನಡೀತೈತಿ," ಅಂದೆ. ಇನ್ನೊಂದು ಸುಳ್ಳೋ, ಮೊದಲ ನಿಜವೋ, ಅದೂ ತಿಳಿಯಲಿಲ್ಲ. ಮರಿಗೆ ಔಷಧ ಕೊಟ್ಟು, ಎರಡೂ ಮೊಲೆ ಮರಿಗಳಿಗೇ ಬಿಡಬೇಕೆಂದು ಆಣೆ ಹಾಕಿಸಿಕೊಂಡು ಬಂದೆ.

ಮೂರನೆಯ ದಿನ ಮರಿ ಸತ್ತಿತು. ಸುದ್ದಿ ತಿಳಿದು ಹೋದೆ. ಆಕೆಯ ಡಬ್ಬಿ ನನ್ನಲ್ಲೇ ಉಳಿದಿತ್ತು, ಜೀವನದಲ್ಲಿ ಮೊದಲ ಸಲ ಖಾಲಿ ಪಾತ್ರೆ ತಿರುಗಿ ಒಯ್ದೆ. ಇದು ಇಲ್ಲಿಗೆ ನಿಲ್ಲಲಿ ಅಂತ.

ಹೆಣ್ಣುಮರಿ ಹೋಯಿತು, ಆಡು ಇನ್ನೂ ಸಂಸ್ಥೆಯದೇ. ಮಾವಶಿ ಆ ಮಾತು ಎತ್ತಲಿಲ್ಲ. ಡಬ್ಬಿ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು, ತುಂಬಿಕೊಂಡು ಬಂದಳು.

"ಇನ್ನ ಆ ಮೊಲಿ ಕೇಳವ್ರು ಯಾರೂ ಇಲ್ಲ. ಒಯ್ಯಿರಿ. ಕೂಸಿನ ಹೊಟ್ಟಿ ಈಗ ಹೆಂಗೈತಿ?"

ಬರೋಬರ್ ಐತಿ ಅಂದೆ.

ಮನೆಗೆ ಬಂದು, ಹಾಲು ಕಾಯಿಸಿ, ಅಡುಗೆಮನೆಯಲ್ಲಿ ನಿಂತೇ ಕುಡಿದೆ. ವಾಸನೆಯೇನೂ ಇರಲಿಲ್ಲ. ತುಸು ಸಿಹಿಯಾಗಿತ್ತು. ಡಬ್ಬಿ ತೊಳೆದು, ಒರೆಸಿ, ಕಟ್ಟೆಯ ಮೇಲಿಟ್ಟೆ. ಅದರಲ್ಲಿ ಏನು ತುಂಬಿ ಕಳಿಸಬೇಕೋ ತಿಳಿಯಲಿಲ್ಲ.