ಕೆಂಚಮ್ಮನಿಗೆ ಸಿಕ್ಕ ತವರುಮನೆ

ಮಾಗಡಿ ಬಸ್ ಸ್ಟ್ಯಾಂಡ್ ಪಕ್ಕದ ಮುದ್ದೆ ಹೋಟೆಲಿನ ಕೆಂಚಮ್ಮನ ಬಾಯಿಗೆ ಹೆದರದವರು ಊರಲ್ಲಿ ಇಬ್ಬರೇ: ಗಂಡ ಪುಟ್ಟಸ್ವಾಮಿ ಮತ್ತು ಹೋಟೆಲಿನ ಬೆಕ್ಕು. ಪುಟ್ಟಸ್ವಾಮಿಗೆ ಕಿವಿ ಮಂದ. ಬೆಕ್ಕಿನ ವಿಷಯ ಗೊತ್ತಿಲ್ಲ.

ಬೇಸಿಗೆಯಿಡೀ ನಲ್ಲಿಯಲ್ಲಿ ನೀರು ಬಾರದಿದ್ದಾಗ ಕೆಂಚಮ್ಮ ಖಾಲಿ ಕೊಡವನ್ನು ಪುರಸಭೆ ಸದಸ್ಯ ಅನಂತರಾಜುವಿನ ಕಾರಿನ ಮೇಲೆ ಕುಕ್ಕಿ, “ಓಟು ಕೇಳೋವಾಗ ಬಗ್ಗಿದ್ ಸೊಂಟ ಗೆದ್ದ ಮ್ಯಾಕೆ ನೆಟ್ಟಗಾಗೋಯ್ತೇನಪ್ಪಾ?” ಎಂದು ಕೇಳಿದಳು. ಆಟೋ ಓಡಿಸುವ ಸುಹೇಲ್ ಅದನ್ನು ಮೊಬೈಲಿನಲ್ಲಿ ಹಿಡಿದ. ಸಂಜೆಯೊಳಗೆ ಕನಕಪುರದವರೂ ನೋಡಿ ನಕ್ಕಿದ್ದರು. ಚುನಾವಣೆ ಬಂದಾಗ ಬಸ್ ಸ್ಟ್ಯಾಂಡಿನವರೆಲ್ಲ ಸೇರಿ ಅನಂತರಾಜುವಿನ ಎದುರು ಆಕೆಯಿಂದ ಪಕ್ಷೇತರ ನಾಮಪತ್ರ ಹಾಕಿಸಿಯೇಬಿಟ್ಟರು.

ಅವನ ಪಕ್ಷದವರು ಮೊದಲು ಕಿಸಕ್ಕೆಂದರು. ಜನ ಆಕೆಯ ಹಿಂದೆ ಓಡಾಡತೊಡಗಿದ ಮೇಲೆ, ಮಹಿಳಾ ಘಟಕದ ಉಪಾಧ್ಯಕ್ಷೆ ಮಾಡುತ್ತೇವೆಂದು ಒಬ್ಬ ಕಾರ್ಯಕರ್ತನನ್ನು ಅಟ್ಟಿದರು.

“ಅದ್ರಲ್ಲಿ ಏನ್ ಕೆಲ್ಸ?” ಎಂದಳು ಕೆಂಚಮ್ಮ.

“ಲೀಡರ್ ಬಂದಾಗ ಆರತಿ ತಟ್ಟೆ ಹಿಡ್ಕಂಡು ನಿಂತ್ಕಳೋದು ಕಣಕ್ಕಾ.”

“ನಿನ್ ಹೆಂಡ್ರುನ್ನ ನಿಲ್ಲಿಸ್ಕೊ ಹೋಗ್ಲಾ,” ಎಂದು ಅವನನ್ನು ಮುದ್ದೆ ಮುಗಿಯುವ ಮುಂಚೆಯೇ ಎಬ್ಬಿಸಿದಳು.

ಅನಂತರಾಜು ಮೂರು ಸಲ ಗೆದ್ದ ಆಸಾಮಿ, ಸುಮ್ಮನೆ ಗೆದ್ದವನಲ್ಲ. ಕೆಂಚಮ್ಮನ ತವರು ಬೈರಮಂಗಲದ ಕಡೆ ವಿಚಾರಿಸಿದ. ಆಕೆಯ ಅಪ್ಪ ಅವ್ವ ತೀರಿಕೊಂಡಿದ್ದರು, ಒಡಹುಟ್ಟಿದವರು ಯಾರೂ ಇಲ್ಲ. ಗೌರಿ ಹಬ್ಬಕ್ಕೆ ಬೀದಿಯ ಹೆಂಗಸರಿಗೆಲ್ಲ ಅಣ್ಣತಮ್ಮಂದಿರು ಸೀರೆ ತರುವಾಗ ಕೆಂಚಮ್ಮ ಯಾರನ್ನೂ ಬೈಯುತ್ತಿರಲಿಲ್ಲ. ಆಕೆಯ ದುಃಖ ಊರಿಗೆ ಗೊತ್ತಾಗುತ್ತಿದ್ದುದೇ ಹಾಗೆ.

ನಾಮಪತ್ರ ಹಿಂತೆಗೆದುಕೊಳ್ಳುವ ಕೊನೆಯ ದಿನ ಬೆಳಿಗ್ಗೆ ಅನಂತರಾಜು ಹೆಂಡತಿ ರಾಧಾಮಣಿಯೊಂದಿಗೆ ಹೋಟೆಲಿಗೆ ಬಂದ. ತಟ್ಟೆಯಲ್ಲಿ ಸೀರೆ, ರವಿಕೆ ಕಣ, ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ.

“ತಂಗೀ, ಇವತ್ನಿಂದ ನಾನೇ ನಿನ್ ತವರು. ಮಡಿಲಕ್ಕಿ ತಂದಿವ್ನಿ, ಸೆರಗೊಡ್ಡವ್ವ.”

ಬೈಗುಳ ನಾಲಿಗೆಯ ತುದಿಗೆ ಬಂತು. ಆದರೆ ಬಂದ ಮಡಿಲಕ್ಕಿಯನ್ನು ಮುತ್ತೈದೆ ಬೇಡವೆಂದರೆ ಮನೆಗೆ ಕೇಡು ಎಂದು ಅವ್ವ ಹೇಳಿಕೊಟ್ಟಿದ್ದಳು. ನಿಜ ಹೇಳಬೇಕೆಂದರೆ, ಕೇಡಿನ ಮಾತು ಒಂದು ನೆಪ. ಆಕೆಗೆ ಅದು ಬೇಕಾಗಿತ್ತು. ಸೆರಗೊಡ್ಡಿದಳು. ರಾಧಾಮಣಿ ಅಕ್ಕಿ ಸುರಿಯುತ್ತಿದ್ದಂತೆ ಕೆಂಚಮ್ಮ ಗೊಳೋ ಎಂದು ಅತ್ತುಬಿಟ್ಟಳು. ಹಿಂದೆ ನಿಂತಿದ್ದ ಕಾರ್ಯಕರ್ತ ಫೋಟೊ ತೆಗೆದುಕೊಂಡ.

“ಅಣ್ಣನ ಎದುರ್ಗೆ ತಂಗಿ ನಿಂತ್ರೆ ತವರಿಗೆ ಒಳ್ಳೇದಾಯ್ತದೇನವ್ವ?” ಅನಂತರಾಜು ಮೆಲ್ಲಗೆ ಕೇಳಿದ.

ಮಧ್ಯಾಹ್ನದೊಳಗೆ ನಾಮಪತ್ರ ವಾಪಸ್ಸಾಯಿತು. “ಒಂದ್ ಸೀರೆಗೆ ನಮ್ಮನ್ನೆಲ್ಲ ಮಾರ್ಬುಟ್ಟಲ್ಲಕ್ಕಾ,” ಎಂದ ಸುಹೇಲ್. ಕೆಂಚಮ್ಮ ಸೀರೆಯನ್ನು ಮಡಿಸಿ ಪೆಟ್ಟಿಗೆಯೊಳಗೆ ಇಟ್ಟಳು.

ಅನಂತರಾಜು ನಾಲ್ಕನೇ ಸಲ ಗೆದ್ದ. ನಲ್ಲಿ ಒಣಗಿಯೇ ಇತ್ತು. ಗೌರಿ ಹಬ್ಬದ ದಿನ ಕೆಂಚಮ್ಮ ಅದೇ ಸೀರೆಯುಟ್ಟು, ಹೋಟೆಲಿಗೆ ಬಾಗಿಲು ಹಾಕಿ, ಸಂಜೆಯವರೆಗೂ ದಾರಿ ನೋಡಿದಳು. ಒಂದು ಫೋನೂ ಇಲ್ಲ. ಮೋಸ ಹೋಗಿದ್ದಕ್ಕಿಂತ, ಸಂಜೆಯವರೆಗೂ ಕಾದೆನಲ್ಲ ಎಂಬ ನಾಚಿಕೆಯೇ ಹೆಚ್ಚಾಗಿ ಸುಟ್ಟಿತು.

ಮಾರನೆಯ ಬೆಳಿಗ್ಗೆ ಬಟ್ಟೆಗಂಟು ಹಿಡಿದು ಅನಂತರಾಜುವಿನ ಮನೆಗೆ ಹೋದಳು. ಜಗಲಿಯ ತುಂಬ ಅಹವಾಲು ಹೇಳಿಕೊಳ್ಳಲು ಬಂದ ಜನ.

“ಏನವ್ವ ಇಲ್ಲೀಗಂಟ?” ಎಂದ ಅನಂತರಾಜು.

“ಹಬ್ಬಕ್ಕೆ ನೀನ್ ಬರ್ಲಿಲ್ಲ, ಅದ್ಕೆ ನಾನೇ ಬಂದ್ಬುಟ್ಟೆ ಕಣಣ್ಣ.”

“ಯಾವತ್ತು ಹೋಯ್ತೀಯ?”

“ಥೂ, ತವರಿಗೆ ಬಂದ ಹೆಣ್ಮಗಳ್ನ ಹಂಗ್ ಕೇಳ್ತಾರೇನಪ್ಪ?” ಜಗಲಿಯಲ್ಲಿದ್ದ ಮುದುಕಿಯೊಬ್ಬಳು ಗದರಿದಳು. ಉಳಿದವರೂ ಗೊಣಗಿದರು. ಮಡಿಲು ತುಂಬಿದ ಫೋಟೊ ಎಲ್ಲರ ಮೊಬೈಲಿನಲ್ಲೂ ಇತ್ತು, ಹಂಚಿದವನೂ ಅನಂತರಾಜುವೇ. ಅವನು ಹಲ್ಲು ಕಿರಿದು, “ಏನ್ ಬೇಕು ಕೇಳವ್ವ,” ಎಂದ.

“ಈಗ ಹೆಣ್ಮಕ್ಕಳಿಗೂ ಸಮಪಾಲಂತಲ್ಲಣ್ಣ. ಹೊಲ ಗದ್ದೆ ನಂಗ್ ಬ್ಯಾಡ.”

ಕೆಂಚಮ್ಮ ಗಂಟನ್ನು ಕೆಳಗಿಟ್ಟು, ಒಳಗಿನಿಂದ ಒಂದು ಕುರ್ಚಿ ಎಳೆದು ತಂದು, ಅವನ ಕುರ್ಚಿಯ ಪಕ್ಕಕ್ಕೆ ಹಾಕಿಕೊಂಡು ಕೂತಳು.

“ನೀರಿನ ಕಂಪ್ಲೇಂಟ್‌ನೋರು ಯಾರ್ರಪ್ಪಾ? ಇತ್ಲಾಗ್ ಬನ್ನಿ.”